ಮಕ್ಕಳು ಕುಣಿದ ಅಂಗಳ

ಹುನಗುಂದದಿಂದ ಇಳಕಲ್ಲಿಗೆ ಹೋಗುವಾಗ ನಿಮ್ಮ ಬಸ್ಸಿನ ಕಿಟಕಿಗೆ ಒಮ್ಮೆಲೇ ಕೆಂಪು ಬೆಳಕು ಬಡಿದರೆ ಗಾಬರಿಯಾಗಬೇಡಿ. ಅದು ನಮ್ಮ ಸರಕಾರಿ ಪ್ರಾಥಮಿಕ ಶಾಲೆಯ ಅಂಗಳ. ಅಂಥ ಅಂಗಳ ಬಾದಾಮಿಯನ್ನು ಆಳಿದ ಚಾಲುಕ್ಯರಿಗೂ ಇರಲಿಲ್ಲ. ಇಳಕಲ್ಲಿನಲ್ಲಿ ಕಲ್ಲು ಕೊಯ್ದು ಪಾಲಿಶ್ ಮಾಡುವಲ್ಲಿ ಅಂಚು ಮುರಿದು ಉಳಿದ ಕೆಂಪು ಗ್ರಾನೈಟ್ ತುಂಡುಗಳನ್ನು ಬೇಡಿ, ಕಾಡಿ, ಮಾಲಕರನ್ನು ಹೊಗಳಿ ಅಟ್ಟಕ್ಕೇರಿಸಿ, ಮೂವತ್ತು ಲಾರಿ ತಂದು ಹಾಸಿಸಿದವನು ನಾನು, ಮುಖ್ಯಗುರು ಕೃಷ್ಣಾಜಿ. ಮೂವತ್ತು ಲಾರಿಯಲ್ಲ, ಮೂರು ಟ್ರ್ಯಾಕ್ಟರು ಎಂದು ನಮ್ಮ ಅಡುಗೆಯ ಬಸಲಿಂಗವ್ವ ಹೇಳುತ್ತಾಳೆ. ಆಕೆ ಎರಡನೇ ಇಯತ್ತೆಗೆ ಶಾಲೆ ಬಿಟ್ಟವಳು, ಲೆಕ್ಕ ಬರುವುದಿಲ್ಲ.

ಚಪ್ಪಲಿಯ ಮಳಲು ತಿಕ್ಕಿದರೆ ಆ ಹೊಳಪು ಹೋಗುತ್ತದೆ. ಅದಕ್ಕೆ ನಾನೊಂದು ನಿಯಮ ಮಾಡಿದೆ. ಶಾಲೆ ಎಂದರೆ ಗುಡಿ. ಗುಡಿಯೊಳಗೆ ಯಾರೂ ಮೆಟ್ಟಿಕೊಂಡು ಬರುವುದಿಲ್ಲ. ಮಕ್ಕಳೆಲ್ಲ ಗೇಟಿನಲ್ಲೇ ಚಪ್ಪಲಿ ಬಿಡಬೇಕು. ನೋಡಲು ಬಂದವರೆಲ್ಲ "ಏನ್ ಸಂಸ್ಕಾರ್ರಿ ಸರ!" ಎಂದು ಮೂಗಿನ ಮೇಲೆ ಬೆರಳಿಟ್ಟರು. ನನಗೆ ಮಾತ್ರ ಹಿಮ್ಮಡಿ ನೋವು, ಹೀಗಾಗಿ ಡಾಕ್ಟರು ಹೇಳಿದ್ದಾರೆಂದು ಮೆತ್ತನೆಯ ಬೂಟು ಹಾಕಿಕೊಳ್ಳುತ್ತಿದ್ದೆ. ಡಾಕ್ಟರು ಮನೆಯೊಳಗೆ ಹಾಕಿಕೊಳ್ಳಲು ಹೇಳಿದ್ದರು ಎಂಬುದು ಬೇರೆ ಮಾತು.

ಈ ವರ್ಷದ ಮೇ ತಿಂಗಳು ಎಂಥದೆಂದರೆ, ಮರೋಳದ ಕಾಲುವೆಯಲ್ಲಿ ಚಹಾಪುಡಿ ಚೆಲ್ಲಿದ್ದರೆ ಇಡೀ ತಾಲೂಕು ಚಹಾ ಕುಡಿಯಬಹುದಿತ್ತು. ಅಂಥ ದಿನಗಳಲ್ಲಿ ನಮ್ಮೂರಿಗೆ ಒಂದು ಹಳದಿ ವ್ಯಾನು ಬರತೊಡಗಿತು. ಒಂದು ಇಂಗ್ಲಿಷ್ ಮೀಡಿಯಂ ಶಾಲೆ ಜೂನ್ ತನಕ ಕಾಯದೆ ಮೇ ನಡುವಿಗೇ ಬಾಗಿಲು ತೆರೆಯುತ್ತದಂತೆ. ನಮ್ಮಲ್ಲಿ ಕಲಿಯುತ್ತಿದ್ದ ಕೆಲವು ಮಕ್ಕಳು ಆಗಲೇ ಆ ವ್ಯಾನು ಹತ್ತಲು ತಯಾರಾಗಿದ್ದರು. ಕೆಲವು ಎಂದರೆ ಇಬ್ಬರು. ಆದರೆ ನನಗೆ ಊರಿಗೆ ಊರೇ ಆ ವ್ಯಾನಿನಲ್ಲಿ ತೂರಿಕೊಂಡಂತೆ ಕಂಡಿತು. ಸರಕಾರದ ಶಾಲೆಗಳು ಬೇಸಿಗೆ ಮುಗಿಯುವ ಮುಂಚೆ ತೆರೆಯಬೇಕೋ ಬೇಡವೋ ಎಂದು ದೊಡ್ಡವರು ಟೀವಿಯಲ್ಲಿ ಕೂತು ವರ್ಷಗಟ್ಟಲೆ ವಾದಿಸಲಿ. ನಾನು ಶಾಲೆಯ ಬೇವಿನ ಗಿಡದ ಕೆಳಗೆ ಒಂದೇ ಸಂಜೆ ತೀರ್ಮಾನ ಮಾಡಿಬಿಟ್ಟೆ. ಅದೇ ಸೋಮವಾರ ನಮ್ಮದೂ ಶುರು. "ಬೇಸಿಗೆ ವಿಶೇಷ ತರಗತಿ" ಎಂದು ಹೆಸರಿಟ್ಟೆ. ಮೇಲಿನವರು, ಊರು ಒಪ್ಪಿದರೆ ಮಾಡಿ, ಒತ್ತಾಯ ಬೇಡ ಎಂದಿದ್ದರು. ಊರನ್ನು ಒಪ್ಪಿಸುವುದು ನನಗೆ ಎಡಗೈ ಕೆಲಸ.

ಶಾಲಾ ಸಮಿತಿಯ ಅಧ್ಯಕ್ಷರು ನಬಿಸಾಬರು. ಸೀರೆ ನೇಯುವವರು, ಮಾತು ಕಡಿಮೆ. ನಾನು ಕರೆದ ಊರ ಮೀಟಿಂಗಿನಲ್ಲಿ ಮಾತ್ರ ಮೊದಲು ಬಾಯಿ ತೆರೆದವರೇ ಅವರು.

"ಸರ, ಕಾರಹುಣ್ಣಿವಿ ಮಟಾ ತಡೀರಿ. ಒಂದ ಮಳಿ ಬೀಳ್ಲಿ, ನೆಲಾ ತಣ್ಣಗಾಗ್ಲಿ. ಈಗ ಮಧ್ಯಾಹ್ನ ನಾಯಿ ಸೈತ ಹೊರಗ ಬರಂಗಿಲ್ಲ."

"ನಾಯಿಗೆ ಮಗ್ಗಿ ಕಲೀಬೇಕಾಗಿಲ್ಲಲ್ರಿ ನಬಿಸಾಬ!" ಎಂದೆ. ಎಲ್ಲರೂ ನಕ್ಕರು.

"ನಗ್ರಿ, ನಗ್ರಿ," ಎಂದಳು ಬಸಲಿಂಗವ್ವ. "ಒಲಿ ಮುಂದ ಕುಂದ್ರಾಕಿ ನಾ. ಆ ತಗಡಿನ ಅಡಗಿಮನ್ಯಾಗ ಒಂದ ತಾಸ ನಿಂದರ್ರಿ ಸರ, ನಿಮ್ಮನ್ನ ಹಂಗ ಎಲಿಗೆ ಬಡಸಬಹುದು."

ಆಗ ಒಬ್ಬಳು ತಾಯಿ, "ಮನ್ಯಾಗಿದ್ರ ಹುಡುಗೂರು ಬಿಸಲಾಗ ಬಾಂವಿ ಕಡೆ ಹೊಕ್ಕಾವ. ಸಾಲ್ಯಾಗಿದ್ರ ನೆಳ್ಳಾಗರ ಇರ್ತಾವ. ಒಂದ ಹೊತ್ತ ಬಿಸಿ ಕೂಳರ ತಿಂತಾವ," ಎಂದಳು. ಅದು ಖರೆ ಮಾತು. ಆ ಮಾತನ್ನು ಅಲ್ಲಿಗೇ ಬಿಟ್ಟಿದ್ದರೂ ನನ್ನ ಕೆಲಸ ಆಗುತ್ತಿತ್ತು. ಆದರೆ ಸಣ್ಣ ಖರೆ ಮಾತಿನಿಂದ ಗೆಲ್ಲುವುದು ನನಗೆ ಸಪ್ಪಗೆ ಅನ್ನಿಸುತ್ತದೆ. ಎದ್ದು ನಿಂತೆ.

"ನಾ ಬಾದಾಮ್ಯಾಗ ಹುಟ್ಟಿ ಬೆಳದಾಂವಾ. ಮೇ ತಿಂಗಳದಾಗ ಅಗಸ್ತ್ಯತೀರ್ಥದ ದಂಡಿಯಿಂದ ಗುಡ್ಡದ ತುದಿ ಮಟಾ ಬರಿಗಾಲಲೆ ಓಡ್ತಿದ್ದೆ. ಆ ಬಂಡೆಗಲ್ಲಿನ ಮ್ಯಾಲೆ ರೊಟ್ಟಿ ಒಗದ್ರ ಸುಟ್ಟು ಉಬ್ಬತಿತ್ತು! ನನ್ನ ಕಾಲಿಗೆ ಏನಾತು? ನೋಡ್ರಿ, ಕಬ್ಬಿಣ!" ಎಂದು ಕಾಲೆತ್ತಿ ತೋರಿಸಿದೆ. ಬೂಟು ಬಿಚ್ಚಲಿಲ್ಲ. ಬಿಚ್ಚಿರಿ ಎಂದು ಯಾರೂ ಕೇಳಲೂ ಇಲ್ಲ.

ನಬಿಸಾಬರು ಗಡ್ಡ ಸವರಿಕೊಂಡರು. "ಗುರುಗಳು ಅಂದಮ್ಯಾಲೆ ಆತ್ರಿ. ನಮ್ಮ ನಾಹಿದಾನ್ನ ಮೊದಲ ನಾನ ಕಳಸ್ತೇನಿ. ಅಧ್ಯಕ್ಷನ ಮನಿ ಕೂಸ ಬರಲಿಲ್ಲಂದ್ರ ಹ್ಯಾಂಗ?"

ನಾಹಿದಾ ಅವರ ಮೊಮ್ಮಗಳು, ಎರಡನೇ ಇಯತ್ತೆ.

ಸೋಮವಾರ ಶಾಲೆ ತೆರೆಯಿತು. ವ್ಯಾನಿನ ಶಾಲೆ ಹನ್ನೆರಡಕ್ಕೆ ಬಿಡುತ್ತದೆಂದು ಗೊತ್ತಾಗಿ, ನಾನು ಒಂದಕ್ಕೆ ಬಿಡುತ್ತೇನೆ ಎಂದು ಸಾರಿದೆ. ಊರವರಿಂದಲೇ ಅಕ್ಕಿ ಬೇಳೆ ಎತ್ತಿಸಿ ಊಟದ ವ್ಯವಸ್ಥೆ ಮಾಡಿದೆ. ಊಟ ವರಾಂಡದ ನೆರಳಿನಲ್ಲಿ. ತಾಟು ತೊಳೆಯುವ ನಳ ಮಾತ್ರ ಅಂಗಳದ ಆಚೆ ತುದಿಗೆ, ಗೋಡೆಯ ಹತ್ತಿರ. ನಡುವೆ ನನ್ನ ಕೆಂಪು ಕಲ್ಲು.

ಮೊದಲ ದಿನ ಊಟ ಮುಗಿಯುತ್ತಲೇ ಮಕ್ಕಳೆಲ್ಲ ತಾಟು ಹಿಡಿದು ಓ ಎಂದು ಓಟ ಕಿತ್ತರು. "ಲೇ! ಗುಡ್ಯಾಗ ಯಾರರ ಓಡ್ತಾರೇನಲೇ? ಬಿದ್ದ ಹಲ್ಲ ಮುರಕೊಂಡ್ರ ನಾ ಕಟ್ಟಿಸಿಕೊಡಬೇಕೇನು? ನಡೀರಿ, ಸಾವಕಾಶ ನಡೀರಿ!" ಎಂದು ಗದರಿದೆ. ನನ್ನ ದನಿಗೆ ಹುನಗುಂದದ ಸ್ಟ್ಯಾಂಡಿನಲ್ಲಿ ಬಸ್ಸುಗಳು ಗಕ್ಕನೆ ನಿಂತಿರಬೇಕು, ಆದರೆ ಮಕ್ಕಳು ನಿಲ್ಲಲಿಲ್ಲ. ಒಬ್ಬಳು ನಿಂತಳು. ನಾಹಿದಾ. ನಿಂತು, ನನ್ನ ಮುಖ ನೋಡಿ, ತಾಟನ್ನು ಎರಡೂ ಕೈಯಲ್ಲಿ ಹಿಡಿದು, ತಲೆಯ ಮೇಲೆ ತುಂಬಿದ ಕೊಡ ಇದ್ದವಳ ಹಾಗೆ ಒಂದೊಂದೇ ಹೆಜ್ಜೆ ಇಡುತ್ತ ಅಂಗಳ ದಾಟಿದಳು. ಹಾಗೆಯೇ ತಿರುಗಿ ಬಂದಳು.

"ಭಲೇ! ಶಿಸ್ತು ಅಂದ್ರ ಇದು! ನಾಹಿದಾನ್ನ ನೋಡಿ ಕಲೀರಿ!" ಎಂದು ಎಲ್ಲರಿಂದ ಚಪ್ಪಾಳೆ ಹೊಡೆಸಿದೆ. ಅಲ್ಲೇ ಆಕೆಯನ್ನು ಶಾಲೆಯ ಶಿಸ್ತಿನ ಮಂತ್ರಿ ಮಾಡಿದೆ. ಆ ಕೂಸಿನ ಮುಖ ಹಿಗ್ಗಿ ಹೀರೇಕಾಯಿಯಾಯಿತು. ಕಣ್ಣಲ್ಲಿ ನೀರೂ ಇತ್ತು. ಆನಂದಬಾಷ್ಪ ಎಂದುಕೊಂಡೆ.

ಮರುದಿನವೂ, ಅದರ ಮರುದಿನವೂ ಮಂತ್ರಿ ಹಾಗೆಯೇ ನಡೆದಳು. ಉಳಿದವರು ನಡೆಯಲಿಲ್ಲ, ನಾನು ಬಯ್ಯುತ್ತೇನೆಂದು ಓಡಲೂ ಇಲ್ಲ. ಕುಣಿದರು. ಒಂಟಿಗಾಲಲ್ಲಿ, ಜೋಡುಗಾಲಲ್ಲಿ, ಒಬ್ಬರ ಹೆಗಲು ಒಬ್ಬರು ಹಿಡಿದು ಟಣ್ಣಟಣ್ಣನೆ ಜಿಗಿಯುತ್ತ, ಕೇಕೆ ಹಾಕುತ್ತ ಅಂಗಳ ದಾಟತೊಡಗಿದರು. ವರಾಂಡದ ನೆರಳಿನಲ್ಲಿ ಬೂಟು ಹಾಕಿ ನಿಂತ ನನಗೆ ಎದೆ ತುಂಬಿ ಬಂತು. ಬೇಸಿಗೆಯಲ್ಲಿ ಶಾಲೆ ಬೇಡ ಎಂದವರು ಬಂದು ನೋಡಲಿ! ಫೋನು ತೆಗೆದು ವಿಡಿಯೋ ಮಾಡಿದೆ. ಕೇಕೆ ಸ್ವಲ್ಪ ಕರ್ಕಶ ಎನ್ನಿಸಿತು, ಅದರ ಬದಲು ಡೊಳ್ಳಿನ ಸದ್ದು ಸೇರಿಸಿದೆ. "ಬೇಸಿಗೆ ನಮಗೆ ಲೆಕ್ಕಕ್ಕಿಲ್ಲ! ಸರಕಾರಿ ಶಾಲೆಯ ಮಕ್ಕಳ ಹಿಗ್ಗು" ಎಂದು ಬರೆದು ಶಿಕ್ಷಕರ ವಾಟ್ಸಾಪ್ ಗುಂಪಿಗೆ ಬಿಟ್ಟೆ.

ಹೆಬ್ಬೆರಳುಗಳ ಸುರಿಮಳೆ. ಬಾಗಲಕೋಟೆಯಿಂದ ಒಬ್ಬ ಅಧಿಕಾರಿ ಮೇಡಂ ತಾವೇ ಫೋನು ಮಾಡಿದರು. "ಕೃಷ್ಣಾಜಿ ಸರ್, ಭಾಳ ಚಲೋ ಅದ. ಸೋಮವಾರ ಬಂದು ನೋಡ್ತೀನಿ. ಹಿಂಗ ಹುಡುಗರು ಖುಷಿಯಿಂದ ಬರ್ತಾರಂದ್ರ, ಮುಂದಿನ ವರ್ಷ ಉಳದ ಸಾಲಿಗಳಿಗೂ ಹೇಳೋಣು." ನಾನು ಊರಲ್ಲಿ ದಿಲ್ಲಿಯಿಂದ ಫೋನು ಬಂದಿತ್ತೆಂದು ಹೇಳಿದೆ. ಮೇಡಂ ಅವರಿಗೆ ಗುಲಾಬಿ ಕೊಟ್ಟು ಸ್ವಾಗತಿಸುವ ಕೆಲಸ ನಾಹಿದಾಳದು ಎಂದೂ ಸಾರಿದೆ.

ಶುಕ್ರವಾರ ನಾಹಿದಾ ಬರಲಿಲ್ಲ.

ನನಗೆ ಥಟ್ಟನೆ ಹಳದಿ ವ್ಯಾನು ನೆನಪಾಯಿತು. ಅಧ್ಯಕ್ಷರ ಮನೆಯ ಕೂಸನ್ನೇ ಹಾರಿಸಿಕೊಂಡು ಹೋದರೇ? ಸಂಜೆ ಬಿಸಿಲು ಇಳಿಯುತ್ತಲೇ ನಬಿಸಾಬರ ಮನೆಗೆ ಹೊರಟೆ. ದಾರಿಯುದ್ದಕ್ಕೂ ಒಂದು ಬೈಗುಳದ ಭಾಷಣ ಕಟ್ಟಿದೆ. ಅದನ್ನೇನಾದರೂ ಅಂದಿದ್ದರೆ ನಬಿಸಾಬರ ಮಗ್ಗ ತಾನಾಗಿಯೇ ತುಂಡಾಗುತ್ತಿತ್ತು.

ಒಳಗೆ ಮಗ್ಗದ ಸದ್ದು ಕೇಳುತ್ತಿತ್ತು. ಪಡಸಾಲೆಯ ಹೊರಸಿನ ಮೇಲೆ ನಾಹಿದಾ ಕಾಲು ಚಾಚಿ ಕೂತಿದ್ದಳು. ಅಂಗಾಲಿಗೆ ಗಾಢವಾಗಿ ಮದರಂಗಿ ಹಚ್ಚಿತ್ತು.

"ಏನವಾ ಮಂತ್ರಿ, ಯಾರ ಮದಿವಿ? ಸಾಲಿ ಬಿಟ್ಟು ಮದರಂಗಿ ಹಚಗೊಂಡು ಕೂತೀಯಲ್ಲ!"

ಆಕೆ ಕಾಲನ್ನು ಲಂಗದೊಳಗೆ ಎಳೆದುಕೊಂಡಳು. ಯಾರೂ ನಗಲಿಲ್ಲ. ಒಳಗಿನಿಂದ ಆಕೆಯ ತಾಯಿ ನಜಮಾ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದಳು.

"ಮದಿವಿ ಅಲ್ರಿ ಸರ. ತಂಪ ಅಂತ ಹಚ್ಚೇನಿ. ಸನೇಕ ಬಂದ ನೋಡ್ರಿ." ಮಗಳ ಕಾಲನ್ನು ಹೊರಗೆಳೆದು ಎತ್ತಿ ಹಿಡಿದಳು. ಮದರಂಗಿ ಬರೀ ಅಂಚಿಗಿತ್ತು. ನಡುವೆ, ಹಿಮ್ಮಡಿಗೆ ಬಿಳಿಯ ಗುಳ್ಳೆಗಳು. ಬೆರಳಿನ ಬುಡದಲ್ಲಿ ಗುಳ್ಳೆ ಒಡೆದು ತೊಗಲು ಸುಲಿದಿತ್ತು, ಅದರ ಮೇಲೆ ಹಳದಿ ಮುಲಾಮು.

"ದವಾಖಾನಿಗೆ ಹೋಗಿ ಬಂದೇವ್ರಿ. ಡಾಕ್ಟರು, ಈ ಕೂಸ ಬೆಂಕಿ ತುಳದೈತೇನ ಅಂತ ಕೇಳಿದ್ರು."

ಎಲ್ಲಿ ಸುಟ್ಟಿತು ಎಂದು ನಾನು ಕೇಳಲಿಲ್ಲ. ಆಕೆಯೇ ಹೇಳಿದಳು. "ನಿಮ್ಮ ಅಂಗಳದಾಗ್ರಿ. ಉಳದ ಹುಡುಗೂರು ಜಿಗದು ಜಿಗದು ದಾಟ್ತಾವಂತ. ನಿನಗ ಜಿಗ್ಯಾಕ ಏನಾಗಿತ್ತ ಅಂದ್ರ, 'ನಾ ಮಂತ್ರಿ, ನಾ ಓಡಬಾರ್ದು, ಸರ್ ಹೇಳ್ಯಾರ' ಅಂತಾಳ."

ಮಗ್ಗದ ಸದ್ದು ನಿಂತಿತು. ನಬಿಸಾಬರು ಮಗ್ಗದ ಕುಣಿಯಿಂದ ಎದ್ದು ಬಂದರು. "ನಜಮಾ, ಸುಮ್ನಿರವಾ. ಗುರುಗಳು ಮನಿಗೆ ಬಂದಾರ, ಚಾ ಇಡು." ನನ್ನ ಕಡೆ ತಿರುಗಿ ಕೈ ಜೋಡಿಸಿದರು. "ತಪ್ಪಾತ್ರಿ ಸರ. ಬರಂಗಿಲ್ಲಂತ ಹೇಳಿ ಕಳಸಬೇಕಾಗಿತ್ತು. ನೀವೇನ ಕಾಳಜಿ ಮಾಡಬ್ಯಾಡ್ರಿ. ಸೋಮವಾರ ಮೇಡಂ ಬರೋ ಹೊತ್ತಿಗೆ ಹೊತಗೊಂಡಾದ್ರೂ ತಂದು ನಿಂದರಸ್ತೇನಿ."

ಅವರು ಬೈದಿದ್ದರೆ ಬದುಕುತ್ತಿದ್ದೆ. ಬೈಗುಳಕ್ಕೆ ತಿರುಗಿ ಕೊಡುವುದರಲ್ಲಿ ಕೃಷ್ಣೆಯಿಂದ ಮಲಪ್ರಭೆಯ ತನಕ ನನ್ನ ಸರಿಸಾಟಿ ಇಲ್ಲ. ಆದರೆ ತಪ್ಪಾಯಿತು ಎಂದು ಅವರೇ ಅಂದುಬಿಟ್ಟರು. ಅದು ನಾನು ಆಡಬೇಕಾಗಿದ್ದ ಮಾತು. ನಜಮಾ ಕೊಟ್ಟ ಚಹಾವನ್ನು ನಾಲಿಗೆ ಸುಟ್ಟರೂ ಒಂದೇ ಗುಟುಕಿಗೆ ಕುಡಿದು ಎದ್ದೆ.

ಮನೆಗೆ ಬಂದು ಫೋನು ತೆಗೆದೆ. ಡೊಳ್ಳು ಸೇರಿಸದ ಮೊದಲಿನ ವಿಡಿಯೋ ಅದರಲ್ಲೇ ಇತ್ತು. ಹಾಕಿದೆ. ಕೇಕೆ ಎಂದುಕೊಂಡಿದ್ದೆನಲ್ಲ, ಅದು "ಅಯ್ಯವ್ವಾ, ಅಯ್ಯವ್ವಾ" ಎಂಬ ಕೂಗು. ಒಬ್ಬ ಹುಡುಗ ತಾಟನ್ನೇ ಕಲ್ಲ ಮೇಲೆ ಹಾಕಿ ಅದರ ಮೇಲೆ ನಿಂತು ಉಸಿರು ಬಿಡುತ್ತಿದ್ದ. ಮೂಲೆಯಲ್ಲಿ ನಾಹಿದಾ ತುಟಿ ಕಚ್ಚಿಕೊಂಡು ನಡೆಯುತ್ತಿದ್ದಳು. ನನ್ನ ದನಿಯೂ ಇತ್ತು: "ಶಭಾಶ್ ಮಂತ್ರಿ! ಇನ್ನಾ ಸಾವಕಾಶ!"

ಹೆಂಡತಿ ಪದ್ಮಜಾ ಹಿಂದೆ ನಿಂತು ನೋಡುತ್ತಿದ್ದಳು.

"ಮೀಟಿಂಗಿನ್ಯಾಗ ಬಾದಾಮಿ ಬಂಡೆಗಲ್ಲಿನ ಕಥಿ ಹೇಳಿದ್ರಂತ?" ಎಂದಳು. "ನಿಮ್ಮ ತಾಯಿ ನನಗ ಬ್ಯಾರೇನ ಹೇಳ್ತಿದ್ರಲ್ರಿ. ಯುಗಾದಿ ಆತಂದ್ರ ನಮ್ಮ ಕೃಷ್ಣಾನ್ನ ಹೊಸ್ತಿಲಾ ದಾಟಸ್ತಿದ್ದಿಲ್ಲ, ತಲಿ ಮ್ಯಾಲೆ ಒದ್ದಿ ಪಂಜಾ ಹಾಕಿ, ಪಾನಕ ಕುಡಿಸಿ, ಮಲಗಿಸಿ ಗಾಳಿ ಬೀಸ್ತಿದ್ದೆ ಅಂತಿದ್ರು."

ನಮ್ಮವ್ವ ಮಥುರಾಬಾಯಿ ಸುಳ್ಳು ಹೇಳುವವಳಲ್ಲ. ಆ ಗುಣ ನನಗೆ ಬರಲಿಲ್ಲ.

ಶನಿವಾರ ಮುಂಜಾನೆ ಗೇಟಿನಲ್ಲಿ ನಿಂತು, "ಇವತ್ತಿಂದ ಎಲ್ಲಾರೂ ಚಪ್ಪಲ್ ಹಾಕ್ಕೊಂಡ ಒಳಗ ಬರ್ರಿ" ಎಂದೆ. ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿದರು. ಅರ್ಧ ಮಕ್ಕಳಿಗೆ ಚಪ್ಪಲಿಯೇ ಇರಲಿಲ್ಲ. ಗುಡಿಗೆ ಯಾಕೆ ಬೇಕು ಚಪ್ಪಲಿ ಎಂದು ತಾಯಿ ತಂದೆಗಳು ಕೊಳ್ಳುವುದನ್ನೇ ಬಿಟ್ಟಿದ್ದರು. ನನ್ನ ನಿಯಮ ಗೇಟು ದಾಟಿ ಅವರ ಮನೆಗಳ ತನಕ ಹೋಗಿತ್ತು. ಕಲ್ಲು ಕಾಯುವ ಮೊದಲೇ ಎಲ್ಲರನ್ನೂ ಮನೆಗೆ ಕಳಿಸಿ ಮೇಡಂಗೆ ಫೋನು ಹಚ್ಚಿದೆ.

ಎಲ್ಲ ಹೇಳಿಬಿಡಬೇಕು ಎಂದೇ ಹಚ್ಚಿದೆ. ಆದರೆ ನನ್ನ ನಾಲಿಗೆ ನನ್ನ ಮಾತು ಕೇಳಬೇಕಲ್ಲ! "ಮೇಡಂ, ಅನರ್ಥ ಆಗ್ಯದ! ಅದು ಹಿಗ್ಗಿನ ಕುಣಿತ ಅಲ್ರಿ. ಅಂಗಳ ಅಲ್ಲ ಅದು, ಕಾದ ಹಂಚು! ನೂರಾರು ಮಕ್ಕಳ ಕಾಲು ಸುಟ್ಟು ಬೂದಿ ಆಗ್ಯಾವ!"

ಮೇಡಂ ನಕ್ಕರು. "ಕೃಷ್ಣಾಜಿ ಸರ್, ನಿಮ್ಮ ಸಾಲ್ಯಾಗ ಇರೋದ ಅರವತ್ತು ಮಕ್ಕಳು. ನೀವು ನಿಮ್ಮ ತಪ್ಪನ್ನೂ ದೊಡ್ಡದು ಮಾಡೇ ಹೇಳ್ತೀರಿ ಬಿಡ್ರಿ! ಸೋಮವಾರ ಎಂಟಕ್ಕ ಬರ್ತೀನಿ."

ಫೋನು ಇಟ್ಟರು. ಮತ್ತೊಮ್ಮೆ ಹಚ್ಚಿ, ಒಂದೇ ಕೂಸು ಮೇಡಂ, ಹೆಸರು ನಾಹಿದಾ ಎಂದು ಹೇಳಬಹುದಿತ್ತು. ಹೇಳಲಿಲ್ಲ. ಒಂದು ಎಂಬುದು ನನ್ನ ಬಾಯಿಗೆ ಬಹಳ ಸಣ್ಣ ಸಂಖ್ಯೆ. ಅಲ್ಲದೆ ಒಳಗೆಲ್ಲೋ ಒಂದು ಕಳ್ಳ ಸಮಾಧಾನವೂ ಆಗಿತ್ತು. ನಾನು ಹೇಳಿದ್ದೇನೆ, ಅವರು ನಂಬಲಿಲ್ಲ, ನನ್ನದೇನು ತಪ್ಪು? ಈ ಸಮಾಧಾನ ಭಾನುವಾರದ ಊಟದ ತನಕ ಬಾಳಿತು.

ಸೋಮವಾರ ಎಂಟಕ್ಕೆ ಮೇಡಂ ಬಂದರು. ಗೇಟಿನಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದರು. ಮುಂಜಾನೆಯ ಕಲ್ಲು ತಣ್ಣಗಿತ್ತು. "ಆಹಾ, ಏನ್ ತಂಪದ್ರಿ!" ಎಂದರು. ನಾನು ಮತ್ತೆ ಕರೆಸಿದ್ದ ಮಕ್ಕಳು, ಚಪ್ಪಲಿ ಇದ್ದವರೂ ರೂಢಿಯಂತೆ ಗೇಟಿನಲ್ಲೇ ಬಿಟ್ಟು, ಸಾಲಾಗಿ ನಿಂತಿದ್ದರು. ನಬಿಸಾಬರು ಮಾತಿಗೆ ತಪ್ಪದೆ ನಾಹಿದಾಳನ್ನು ಹೆಗಲಿಗೆ ಹಾಕಿಕೊಂಡು ಬಂದಿದ್ದರು. ಆಕೆಯ ಕೈಯಲ್ಲಿ ಗುಲಾಬಿ, ಕಾಲಿಗೆ ಹಳೆಯ ಸೀರೆಯ ಅರಿವೆ ಸುತ್ತಿತ್ತು. ಮೇಡಂ ಹೂವು ಇಸಿದುಕೊಂಡು ಕೆನ್ನೆ ತಟ್ಟಿದರು. ಜ್ವರವೇನೋ ಎಂದುಕೊಂಡಿರಬೇಕು.

"ಎಲ್ಲಿ, ಒಮ್ಮೆ ಆ ಕುಣಿತ ತೋರಸ್ರಿ ನೋಡೋಣು!" ಎಂದು ಮೇಡಂ ಫೋನು ಎತ್ತಿ ಹಿಡಿದರು.

ಒಬ್ಬರೂ ಅಲುಗಾಡಲಿಲ್ಲ.

"ಯಾಕ? ನಾಚಿಕೀನ?"

ಮೂರನೇ ಇಯತ್ತೆಯಲ್ಲಿ ಇಂದ್ರವ್ವ ಎಂಬ ಹುಡುಗಿ ಇದ್ದಾಳೆ. ಅಜ್ಜಿಯ ಹೆಸರು, ಅಜ್ಜಿಯದೇ ಬಾಯಿ. ಸೊಂಟದ ಮೇಲೆ ಕೈ ಇಟ್ಟು ಹೇಳಿದಳು: "ನಾಚಿಕಿ ಅಲ್ರಿ. ಇನ್ನಾ ಕಾದಿಲ್ರಿ."

"ಏನು ಕಾದಿಲ್ಲ?"

"ಕಲ್ಲ್ರಿ. ಊಟದ ಹೊತ್ತಿಗೆ ಬರ್ರಿ, ಎಲ್ಲಾರೂ ಕುಣಿತೇವಿ. ನೀವೂ ಕುಣಿತೀರಿ."

ಅಡುಗೆಮನೆಯ ಬಾಗಿಲಲ್ಲಿ ಬಸಲಿಂಗವ್ವ ಸೆರಗು ಬಾಯಿಗೆ ಒತ್ತಿಕೊಂಡಳು. ಮೇಡಂ ಫೋನನ್ನು ನಿಧಾನ ಕೆಳಗಿಳಿಸಿದರು. ಕಲ್ಲನ್ನು ನೋಡಿದರು, ಮಕ್ಕಳ ಬರಿಗಾಲು ನೋಡಿದರು, ನಾಹಿದಾಳ ಕಾಲಿಗೆ ಸುತ್ತಿದ ಅರಿವೆ ನೋಡಿದರು. ಕೊನೆಗೆ ನನ್ನ ಬೂಟು ನೋಡಿದರು.

"ಎಷ್ಟು ಮಕ್ಕಳಿಗೆ ಸುಟ್ಟದ, ಕೃಷ್ಣಾಜಿ? ಖರೆ ಹೇಳ್ರಿ."

"ಎಲ್ಲಾರಿಗೂ ಚುರು ಚುರು ಅಂದದ ಮೇಡಂ. ಗುಳ್ಳಿ ಎದ್ದದ್ದು ಒಂದ ಕೂಸಿಗೆ. ಉಳದವ್ರು ಜಿಗದು ಪಾರಾದ್ರು. ಈಕೀಗೆ ನಾ ನಡಿ ಅಂದೆ, ನಡದ್ಲು."

ಇಷ್ಟು ಸಣ್ಣ ಮಾತು ನಾನು ಹುಟ್ಟಿದಾಗಿನಿಂದ ಆಡಿರಲಿಲ್ಲ. ಆಡಿದ ಮೇಲೆ ಹಗುರಾಗುತ್ತದೆ ಎನ್ನುತ್ತಾರೆ. ನನಗೇನೂ ಆಗಲಿಲ್ಲ.

"ಇವತ್ತ ಬಂದ್ ಮಾಡ್ರಿ," ಎಂದರು ಮೇಡಂ. "ಮಳಿ ಬಿದ್ದ ಮ್ಯಾಲೆ, ಎಲ್ಲಾ ಸಾಲಿ ತಗದಾಗ ತಗೀರಿ. ಮುಂದಿನ ವರ್ಷದ ಮಾತು ಇಲ್ಲಿಗೆ ಮುಗೀತು. ನಿಮ್ಮ ಮಾತು ನನ್ನ ಆಫೀಸಿನ್ಯಾಗ ಆಡೋಣು." ಗುಲಾಬಿಯನ್ನು ಅಲ್ಲೇ ಬಿಡದೆ ಕೈಯಲ್ಲೇ ಹಿಡಿದುಕೊಂಡು ಹೋದರು. ಮಕ್ಕಳು ಹೋ ಎಂದು ಗೇಟಿನ ಕಡೆ ಓಡಿದರು. ನಾನು ಯಾರನ್ನೂ ಗದರಲಿಲ್ಲ.

ನಬಿಸಾಬರು ನನ್ನ ಮುಂದೆಯೇ ನಿಂತಿದ್ದರು. ಅವರ ಹೆಗಲ ಮೇಲಿಂದ ನಾಹಿದಾ ಕೇಳಿದಳು.

"ಸರ, ನನ್ನ ಸಲವಾಗಿ ಸಾಲಿ ಮುಚ್ಚಿದ್ರೇನ್ರಿ? ನಾ ಛಲೋ ನಡದಿದ್ದಿಲ್ಲೇನ್ರಿ?"

"ಛಲೋ ನಡದೀಯವಾ. ನಡಿ ಅಂದದ್ದು ನಂದು ತಪ್ಪು."

"ಹಂಗಾರ ಅವತ್ತ ನಾನೂ ಓಡಬಹುದಿತ್ತೇನ್ರಿ?"

"ಓಡಬಹುದಿತ್ತು."

"ಓಡಿದ್ರ ನೀವ ಬೈತಿದ್ದಿಲ್ಲ?"

ಇಲ್ಲವಾ ಎನ್ನಲು ಬಾಯಿ ತೆರೆದೆ. ಅಜ್ಜ ಮೊಮ್ಮಗಳು ಇಬ್ಬರೂ ನನ್ನ ಮುಖವನ್ನೇ ನೋಡುತ್ತಿದ್ದರು.

"ಬೈತಿದ್ದೆ," ಎಂದೆ.

ಆಕೆ ತಲೆಯಾಡಿಸಿದಳು, ತನಗದು ಗೊತ್ತೇ ಇತ್ತು ಎನ್ನುವ ಹಾಗೆ. ಆಮೇಲೆ ಅಜ್ಜನ ಹೆಗಲಿಗೆ ಮುಖ ಆನಿಸಿ, "ನಡೀರಿ ದಾದಾ, ಮನಿಗೆ ಹೋಗೂಣು," ಎಂದಳು.